ಎದೆ ಧಡಧಡ ಅಂದಾಗ ಇಸಿಜಿ ಓದುವುದು ಹೇಗೆ? ತಾಲ್ಲೂಕು ಆಸ್ಪತ್ರೆಯ ರಾತ್ರಿ ಡ್ಯೂಟಿಯವರಿಗೆ

"ಎದಿ ಧಡಧಡ ಹೊಡ್ಕೊಳ್ಳಲತ್ತದ ನೋಡ್ರಿ, ಗಾಬರಿ ಆಗಲತ್ತದ" ಅಂತ ಬರುವ ರೋಗಿ ಕಲಬುರಗಿ, ಬೀದರ್, ಯಾದಗಿರಿ ಕಡೆಯ ಯಾವ ಆಸ್ಪತ್ರೆಗೂ ಹೊಸಬರಲ್ಲ. ನಾಡಿ ಹಿಡಿದರೆ ಎಣಿಸೋಕಾಗದಷ್ಟು ಜೋರು. ಇಸಿಜಿ ತೆಗೆದರೆ ಗೆರೆಗಳು ಒತ್ತೊತ್ತಾಗಿ ಬಂದಿರುತ್ತವೆ. ಬಹಳ ಸಲ ರೆಫರಲ್ ಚೀಟಿಯ ಮೇಲೆ 'ಎಸ್‌ವಿಟಿ' (ಹೃದಯದ ಮೇಲಿನ ಭಾಗದಿಂದ ಹುಟ್ಟುವ ಓಟ) ಅಂತ ಮೂರಕ್ಷರ ಬರೆದು ಮುಗಿಸಿಬಿಡುತ್ತಾರೆ. ಜ್ವರಕ್ಕೆ ಓಡುವ ಎದೆಗೂ ಅದೇ ಹೆಸರು, ಜೀವ ತೆಗೆಯುವ ಲಯಕ್ಕೂ ಅದೇ ಹೆಸರು. ಹೆಸರು ತಪ್ಪಿದರೆ ಔಷಧ ತಪ್ಪುತ್ತದೆ. ಇಲ್ಲಿ ತಪ್ಪು ಔಷಧ ಅಂದರೆ ಹತ್ತು ನಿಮಿಷದಲ್ಲಿ ರೋಗಿ ಕುಸಿಯಬಹುದು.

ಅದಕ್ಕೇ ನನ್ನ ಸಲಹೆ ಇಷ್ಟು: ಹೆಸರು ಹುಡುಕಲು ಹೋಗಬೇಡಿ. ಕೆಲವು ಪ್ರಶ್ನೆಗಳನ್ನು ಕ್ರಮ ತಪ್ಪದೆ ಕೇಳಿ. ಹೆಸರು ತಾನಾಗಿ ಸಿಗುತ್ತದೆ. ಸಿಗದಿದ್ದರೂ ಏನು ಮಾಡಬಾರದು ಅನ್ನೋದಂತೂ ಗೊತ್ತಾಗುತ್ತದೆ.

ಇದನ್ನು ಬರೆದಿರುವುದು ಹೌಸ್ ಸರ್ಜನ್, ಡ್ಯೂಟಿ ಡಾಕ್ಟರ್, ಸ್ಟಾಫ್ ನರ್ಸ್ ಮತ್ತು 108 ಸಿಬ್ಬಂದಿಗೆ. ಮನೆಯವರು ಓದಿದರೂ ಅಡ್ಡಿಯಿಲ್ಲ. ಆದರೆ ಅವರ ಕೆಲಸ 108ಕ್ಕೆ ಫೋನ್ ಮಾಡುವುದು ಮತ್ತು ಹಳೇ ಇಸಿಜಿ ಇದ್ದರೆ ಮರೆಯದೆ ತರುವುದು. ಔಷಧದ ಭಾಗ ಅವರಿಗಲ್ಲ.

ಮೊದಲು ರೋಗಿಯ ಮುಖ ನೋಡಿ

ಬಿಪಿ 90ಕ್ಕಿಂತ ಕೆಳಗಿದೆಯಾ? ಮಾತು ತೊದಲುತ್ತಿದೆಯಾ, ಮಂಪರು ಇದೆಯಾ? ಎದೆ ನೋವು ಜೋರಿದೆಯಾ? ಶ್ವಾಸಕೋಶದಲ್ಲಿ ನೀರು ತುಂಬಿ ಏದುಸಿರು ಬರುತ್ತಿದೆಯಾ? ಇದರಲ್ಲಿ ಒಂದಕ್ಕೆ 'ಹೌದು' ಅಂತಾದರೆ, ಮತ್ತು ಅದಕ್ಕೆ ಕಾರಣ ಈ ಲಯವೇ ಅಂತ ಅನ್ನಿಸಿದರೆ, ಉಳಿದ ಓದು ಆಮೇಲೆ. ಸಿಂಕ್ ಬಟನ್ (ಶಾಕನ್ನು ಮಿಡಿತಕ್ಕೆ ಹೊಂದಿಸಿ ಬಿಡುವ ಬಟನ್) ಒತ್ತಿ ಶಾಕ್ ಕೊಡುವ ತಯಾರಿ ಮಾಡಿ. ಬಹಳ ಯಂತ್ರಗಳಲ್ಲಿ ಒಂದು ಶಾಕ್ ಆದ ಮೇಲೆ ಸಿಂಕ್ ತಾನೇ ಆಫ್ ಆಗುತ್ತದೆ. ಎರಡನೇ ಸಲ ಮತ್ತೆ ಒತ್ತಬೇಕು. ನಾಡಿಯೇ ಇಲ್ಲದಿದ್ದರೆ ಸಿಪಿಆರ್ ಶುರು ಮಾಡಿ, ಸಿಂಕ್ ಇಲ್ಲದೆ ಶಾಕ್ ಕೊಡಿ.

ವೇಗ 150ರೊಳಗಿದ್ದರೆ ಸ್ವಲ್ಪ ತಡೆಯಿರಿ. ಆ ವೇಗಕ್ಕೆ ಬಿಪಿ ಬೀಳುವುದು ಅಪರೂಪ. ಹೃದಯ ಮೊದಲೇ ದುರ್ಬಲವಾಗಿದ್ದರೆ ಮಾತು ಬೇರೆ. ಇಲ್ಲದಿದ್ದರೆ ಬಿಪಿ ಬಿದ್ದಿರುವ ಕಾರಣಕ್ಕೇ ಎದೆ ಓಡುತ್ತಿರಬಹುದು. ರಕ್ತ ಹೋಗಿದೆಯಾ, ವಾಂತಿಭೇದಿ ಆಗಿದೆಯಾ, ಸೆಪ್ಸಿಸ್ ಇದೆಯಾ ಅಂತ ನೋಡಿ.

ಇಸಿಜಿ ಪಟ್ಟಿಯನ್ನು ಸರಿಯಾಗಿ ತೆಗೆಯಿರಿ

ಮಾನಿಟರ್ ಪರದೆ ನೋಡಿ ಲಯ ನಿರ್ಧಾರ ಮಾಡಬೇಡಿ. 12 ಲೀಡ್ (ಹೃದಯವನ್ನು ನೋಡುವ 12 ಕೋನ; 2, 3, ಎವಿಆರ್, ವಿ1 ಎಲ್ಲ ಅವುಗಳ ಹೆಸರು) ಪೂರ್ತಿ ಬೇಕು. ಜೊತೆಗೆ ಲೀಡ್ 2ರ ಉದ್ದ ಪಟ್ಟಿ ಬೇಕು, ಸಾಧ್ಯವಾದರೆ ವಿ1ದೂ ಇರಲಿ. ಔಷಧ ಕೊಡುವ ಮೊದಲೇ ತೆಗೆಯಿರಿ. ಯಾಕೆಂದರೆ ಲಯ ಒಮ್ಮೆ ಸರಿಹೋಯಿತು ಅಂದರೆ ಅದು ಏನಾಗಿತ್ತು ಅಂತ ಹೇಳಲು ಈ ಕಾಗದ ಬಿಟ್ಟರೆ ಬೇರೆ ಸಾಕ್ಷಿ ಇಲ್ಲ.

ಕೈಕಾಲಿನ ಕ್ಲಿಪ್‌ಗಳ ಬಣ್ಣ ಗೊತ್ತೇ ಇರುತ್ತದೆ: ಬಲಗೈ ಕೆಂಪು, ಎಡಗೈ ಹಳದಿ, ಎಡಗಾಲು ಹಸಿರು, ಬಲಗಾಲು ಕಪ್ಪು. ಗಡಿಬಿಡಿಯಲ್ಲಿ ಎರಡೂ ಕೈ ಅದಲುಬದಲಾಗುವುದು ಮಾಮೂಲು. ಹಾಗಾದರೆ ಪಿ ಅಲೆಯ (ಮೇಲಿನ ಕೋಣೆಯ ಮಿಡಿತದ ಗುರುತು) ದಿಕ್ಕು ತಿರುಗಿ ಇಡೀ ಓದು ಕೆಡುತ್ತದೆ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಎದೆಯ ಮೇಲೆ ಬೆವರು ನಿಲ್ಲದೆ ಇಳಿಯುತ್ತದೆ. ಬಟ್ಟೆಯಿಂದ ಒರೆಸಿ ಆಮೇಲೆ ಹಚ್ಚಿ. ಬಳೆ ಕ್ಲಿಪ್‌ಗೆ ತಾಗುತ್ತಿದ್ದರೆ ಮೇಲೆ ಸರಿಸಿ. ಚಳಿಜ್ವರದ ನಡುಕ ಕಾಗದದ ಮೇಲೆ ಥೇಟ್ ವಿಟಿ (ಕೆಳಗಿನ ಕೋಣೆಯಿಂದ ಹುಟ್ಟುವ ಅಪಾಯದ ಓಟ) ಥರ ಕಾಣಬಹುದು. ಅನುಮಾನ ಬಂದರೆ ಆ ದೊಡ್ಡ ಅಲೆಗಳ ನಡುವೆ ಸಣ್ಣ, ಚೂಪಾದ ಕ್ಯೂಆರ್‌ಎಸ್‌ಗಳು (ಕೆಳಗಿನ ಕೋಣೆಯ ಮಿಡಿತದ ಗುರುತುಗಳು) ತಮ್ಮ ಪಾಡಿಗೆ ಒಂದೇ ಅಂತರದಲ್ಲಿ ಸಾಗುತ್ತಿವೆಯಾ ನೋಡಿ. ಸಾಗುತ್ತಿದ್ದರೆ ಅದು ನಡುಕ.

ಕಾಗದದ ವೇಗ ಸೆಕೆಂಡಿಗೆ 25 ಮಿ.ಮೀ. ಇದೆಯಾ ಅಂತ ಅಂಚಿನಲ್ಲಿ ಓದಿಕೊಳ್ಳಿ. ಆಗ ಒಂದು ಸಣ್ಣ ಚೌಕ 40 ಮಿಲಿಸೆಕೆಂಡು, ಒಂದು ದೊಡ್ಡ ಚೌಕ 200. ಪಿ ಅಲೆ ಸಿಗದೆ ಒದ್ದಾಡುತ್ತಿದ್ದರೆ ವೇಗವನ್ನು 50ಕ್ಕೆ ಏರಿಸಿ ಇನ್ನೊಂದು ಪಟ್ಟಿ ತೆಗೆಯಿರಿ. ಗೆರೆಗಳು ಬಿಡಿಸಿಕೊಂಡು ಕಾಣುತ್ತವೆ.

ಮೂರು ಪ್ರಶ್ನೆ

ಎಷ್ಟು ವೇಗ? ಎರಡು ಕ್ಯೂಆರ್‌ಎಸ್‌ಗಳ ನಡುವಿನ ದೊಡ್ಡ ಚೌಕ ಎಣಿಸಿ, 300ನ್ನು ಅದರಿಂದ ಭಾಗಿಸಿ. ಎರಡು ಚೌಕಕ್ಕೆ 150, ಒಂದೂವರೆಗೆ 200. ಲಯ ಏರುಪೇರಾಗಿದ್ದರೆ 10 ಸೆಕೆಂಡಿನ ಪಟ್ಟಿಯ ಕ್ಯೂಆರ್‌ಎಸ್ ಎಣಿಸಿ 6ರಿಂದ ಗುಣಿಸಿ. ಯಂತ್ರ ಮೇಲೆ ಅಚ್ಚು ಮಾಡುವ ಸಂಖ್ಯೆಯನ್ನು ಸುಮ್ನೆ ನಂಬಬೇಡಿ. ಅದು ಕ್ಯೂಆರ್‌ಎಸ್ ನಂತರ ಬರುವ ಎತ್ತರದ ಟಿ ಅಲೆಯನ್ನೂ ಸೇರಿಸಿ ಎಣಿಸಿಬಿಡುತ್ತದೆ.

ಕ್ಯೂಆರ್‌ಎಸ್ ಕಿರಿದೋ, ಅಗಲವೋ? ಮೂರು ಸಣ್ಣ ಚೌಕ, ಅಂದರೆ 120 ಮಿಲಿಸೆಕೆಂಡು, ಗಡಿ. ಅತಿ ಅಗಲ ಕಾಣುವ ಲೀಡ್‌ನಲ್ಲಿ ಅಳೆಯಿರಿ. ಒಂದು ಲೀಡ್‌ನಲ್ಲಿ ಕಿರಿದು ಕಂಡ ತಕ್ಷಣ ನಿರಾಳರಾಗಬೇಡಿ.

ಒಂದೇ ಅಂತರದಲ್ಲಿ ಬರುತ್ತಿದೆಯಾ? ಒಂದು ಬಿಳಿ ಕಾಗದದ ಅಂಚಿಗೆ ಮೂರು ಕ್ಯೂಆರ್‌ಎಸ್ ಗುರುತು ಹಾಕಿಕೊಂಡು ಪಟ್ಟಿಯುದ್ದಕ್ಕೂ ಸರಿಸಿ ನೋಡಿ. 180ರ ಮೇಲಿನ ವೇಗದಲ್ಲಿ ಏರುಪೇರಿನ ಲಯವೂ ಕಣ್ಣಿಗೆ ಸಮ ಅನ್ನಿಸುತ್ತದೆ. ಕಾಗದದ ಗುರುತು ಮೋಸ ಮಾಡಲ್ಲ.

ಕಿರಿದು, ಸಮ

ಇಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು. ಹೆಚ್ಚಿನ ರೋಗಿಗಳು ಬರುವುದು ಈ ಗುಂಪಿನಲ್ಲೇ, ಗೊಂದಲ ಆಗುವುದೂ ಇಲ್ಲೇ.

ಮೊದಲ ಅನುಮಾನ ಯಾವಾಗಲೂ ಸೈನಸ್ ಟ್ಯಾಕಿಕಾರ್ಡಿಯಾ (ಸಹಜ ಲಯವೇ ಜೋರಾಗಿ ಓಡುವುದು) ಮೇಲಿರಲಿ. ಪ್ರತಿ ಕ್ಯೂಆರ್‌ಎಸ್ ಮುಂದೆ ಪಿ ಇರುತ್ತದೆ. ಲೀಡ್ 2ರಲ್ಲಿ ಅದು ಮೇಲ್ಮುಖ, ಎವಿಆರ್‌ನಲ್ಲಿ ಕೆಳಮುಖ. ವೇಗ ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. 220ರಿಂದ ವಯಸ್ಸು ಕಳೆದರೆ ಬರುವ ಸಂಖ್ಯೆ ಸೈನಸ್ ಲಯದ ಅಂದಾಜು ಮೇಲ್ಮಿತಿ. 60 ವರ್ಷದವರು ಮಲಗಿದಲ್ಲೇ 180 ಓಡುತ್ತಿದ್ದರೆ ಅದು ಸೈನಸ್ ಆಗಿರುವುದು ಕಷ್ಟ. ಎಳೆಕೂಸಿನ ಲೆಕ್ಕ ಬೇರೆ. ಅದು ಜ್ವರದಲ್ಲಿ 200ರ ಹತ್ತಿರ ಹೋಗಬಹುದು, 220 ದಾಟಿದರೆ ಮಾತ್ರ ಎಸ್‌ವಿಟಿ ಅಂತ ಯೋಚಿಸಿ.

ಸೈನಸ್ ಅಂತಾದರೆ ಕಾರಣ ಹುಡುಕಿ, ಲಯಕ್ಕೆ ಔಷಧ ಕೊಡಬೇಡಿ. ನಮ್ಮ ಕಡೆಯ ಕಾರಣಗಳು ಕಣ್ಣ ಮುಂದೆಯೇ ಇರುತ್ತವೆ: ಬಿಸಿಲಲ್ಲಿ ತೊಗರಿ ರಾಶಿ ಮಾಡಿ ನೀರು ಕುಡಿಯದೆ ಬಂದವರು, ರಕ್ತ ಕಡಿಮೆ ಇರುವ ಬಸುರಿಯರು, ಚೇಳು ಕಡಿದ ಮಕ್ಕಳು, ಹತ್ತಿ ಹೊಲಕ್ಕೆ ಹೊಡೆಯುವ ಎಣ್ಣೆ ಕುಡಿದು ಬಂದು ಅಟ್ರೋಪಿನ್ ಮೇಲಿರುವವರು. ಚೇಳು ಕಡಿದ ಮಗುವಿಗೆ 'ಎದೆ ಓಡುತ್ತಿದೆ' ಅಂತ ಬೀಟಾ ಬ್ಲಾಕರ್ ಕೊಟ್ಟರೆ ಮೊದಲೇ ಸೋತ ಹೃದಯ ಇನ್ನೂ ಸೋಲುತ್ತದೆ. ಅಲ್ಲಿ ಬೇಕಾಗಿರುವುದು ಪ್ರಾಜೊಸಿನ್.

ಪಿ ಕಾಣುತ್ತಿಲ್ಲ, ವೇಗ 150ರಿಂದ 220ರ ನಡುವೆ ಇದೆ, "ಒಮ್ಮಿಂದೊಮ್ಮೆಲೆ ಶುರು ಆಯ್ತು" ಅಂತ ರೋಗಿ ಹೇಳುತ್ತಾರೆ. ಇದು ನಿಜವಾದ ಎಸ್‌ವಿಟಿ. ಇದರಲ್ಲಿ ಮುಖ್ಯವಾಗಿ ಎರಡು. ಎವಿ ನೋಡ್ (ಮೇಲಿನ ಕೋಣೆಯಿಂದ ಕೆಳಗಿನದಕ್ಕೆ ಕರೆಂಟ್ ಇಳಿಯುವ ಬಾಗಿಲು) ಒಳಗೇ ಕರೆಂಟ್ ಸುತ್ತುವುದು ಎವಿಎನ್‌ಆರ್‌ಟಿ. ಹುಟ್ಟಿನಿಂದ ಬಂದ ಹೆಚ್ಚುವರಿ ತಂತು ಮತ್ತು ಎವಿ ನೋಡ್ ಎರಡನ್ನೂ ಬಳಸಿ ಸುತ್ತುವುದು ಎವಿಆರ್‌ಟಿ. ಮೊದಲನೆಯದರಲ್ಲಿ ಪಿ ಅಲೆ ಕ್ಯೂಆರ್‌ಎಸ್ ಬಾಲಕ್ಕೇ ಅಂಟಿರುತ್ತದೆ: ವಿ1ರಲ್ಲಿ ಕೊನೆಗೊಂದು ಸಣ್ಣ ಆರ್ ಥರ, ಲೀಡ್ 2, 3, ಎವಿಎಫ್‌ನಲ್ಲಿ ಸಣ್ಣ ಎಸ್ ಥರ. ಎರಡನೆಯದರಲ್ಲಿ ಪಿ ಇನ್ನೂ ಸ್ವಲ್ಪ ಹಿಂದೆ, ಎಸ್‌ಟಿ ಭಾಗದ ಮೇಲೆ ಕೂತಿರುತ್ತದೆ. ಕ್ಯೂಆರ್‌ಎಸ್ ಶುರುವಿನಿಂದ 70 ಮಿಲಿಸೆಕೆಂಡು, ಅಂದರೆ ಎರಡು ಸಣ್ಣ ಚೌಕದ ಆಸುಪಾಸು, ಇವೆರಡರ ನಡುವಿನ ಗಡಿ. ಇಷ್ಟು ಸೂಕ್ಷ್ಮ ರಾತ್ರಿ ಎರಡಕ್ಕೆ ಸಿಗದಿದ್ದರೆ ಚಿಂತೆ ಬೇಡ. ಮೊದಲ ಚಿಕಿತ್ಸೆ ಎರಡಕ್ಕೂ ಒಂದೇ.

ಆ ಚಿಕಿತ್ಸೆ ಔಷಧದಿಂದ ಶುರುವಾಗುವುದಿಲ್ಲ. 10 ಮಿ.ಲೀ. ಸಿರಿಂಜ್ ಸಾಕು. ರೋಗಿಯನ್ನು ಅರ್ಧ ಕೂರಿಸಿ. ಸಿರಿಂಜಿನ ತುದಿಯಿಂದ ಊದಿಸಿ, ಒಳಗಿನ ದಟ್ಟೆ (ಪ್ಲಂಜರ್) ಅಲುಗಬೇಕು. 15 ಸೆಕೆಂಡು ಬಿಡದೆ ಊದಬೇಕು. ಊದಿ ಮುಗಿದ ತಕ್ಷಣ ಅಂಗಾತ ಮಲಗಿಸಿ ಎರಡೂ ಕಾಲುಗಳನ್ನು 45 ಡಿಗ್ರಿಗೆ ಎತ್ತಿ ಇನ್ನೊಂದು 15 ಸೆಕೆಂಡು ಹಿಡಿಯಿರಿ. ಇಂಗ್ಲೆಂಡಿನ ರಿವರ್ಟ್ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಕೂತಲ್ಲೇ ಊದಿದವರಲ್ಲಿ 100ಕ್ಕೆ 17 ಜನಕ್ಕೆ ಲಯ ಸರಿಹೋದರೆ, ಹೀಗೆ ಕಾಲೆತ್ತಿಸಿದವರಲ್ಲಿ 43 ಜನಕ್ಕೆ ಸರಿಹೋಯಿತು. ಖರ್ಚು ಒಂದು ಸಿರಿಂಜ್. ಇಷ್ಟಾದರೂ ಇದನ್ನು ಮಾಡದೆ ನೇರ ಇಂಜೆಕ್ಷನ್‌ಗೆ ಹೋಗುವವರೇ ಜಾಸ್ತಿ. ನನಗೆ ಅದು ಅರ್ಥವಾಗಲ್ಲ.

ನಮ್ಮ ವಾರ್ಡುಗಳಲ್ಲಿ ಇದು ಕೆಡುವುದು ಭಾಷೆಯಲ್ಲಿ ಮತ್ತು ಸೀರೆಯಲ್ಲಿ. "ವಾಲ್ಸಾಲ್ವಾ ಮಾಡಿ" ಅಂದರೆ ಯಾರಿಗೆ ತಿಳಿಯಬೇಕು? "ಯವ್ವಾ, ಇದರಾಗ ಜೋರಾಗಿ ಊದು. ನಾ ಸಾಕು ಅನ್ನೋತನಕ ಬಿಡಬ್ಯಾಡ" ಅನ್ನಿ. ಒಮ್ಮೆ ನೀವೇ ಊದಿ ತೋರಿಸಿ. ಕಾಲೆತ್ತುವ ವಿಷಯ ಮೊದಲೇ ಹೇಳಿ, ಮೇಲೆ ಚಾದರ ಹೊದಿಸಿ, ಒಂದು ಕಾಲು ಸಿಸ್ಟರ್, ಇನ್ನೊಂದು ಮನೆಯ ಹೆಣ್ಣುಮಗಳು ಹಿಡಿಯಲಿ. ಹೇಳದೆ ಕಾಲು ಎತ್ತಿದರೆ ಆ ತಾಯಿ ಗಾಬರಿಯಾಗಿ ಎದ್ದು ಕೂರುತ್ತಾರೆ. ಊದಿದ್ದೆಲ್ಲ ದಂಡ. ಇಷ್ಟೂ ಹೊತ್ತು ಇಸಿಜಿ ಓಡುತ್ತಿರಲಿ.

ಆಗಲಿಲ್ಲವೆಂದರೆ ಎವಿ ನೋಡನ್ನು ಕ್ಷಣಕಾಲ ತಡೆಯುವ ಅಡೆನೊಸಿನ್. ಮೊಣಕೈ ಮಡಿಕೆಯ ದೊಡ್ಡ ನರಕ್ಕೆ (ರಕ್ತನಾಳಕ್ಕೆ) 6 ಮಿ.ಗ್ರಾಂ. ಒಂದೇ ಏಟಿಗೆ, ಹಿಂದೆಯೇ 20 ಮಿ.ಲೀ. ಸಲೈನ್, ಕೈ ಮೇಲೆತ್ತಿ. ರಕ್ತದಲ್ಲಿ ಅದರ ಅರ್ಧಾಯುಷ್ಯ 10 ಸೆಕೆಂಡೂ ಇಲ್ಲ. ಅಂಗೈ ಹಿಂಭಾಗದ ಸಣ್ಣ ನರಕ್ಕೆ ನಿಧಾನ ಕೊಟ್ಟರೆ ಹೃದಯ ಮುಟ್ಟುವ ಮೊದಲೇ ಖಾಲಿ. ಆಮೇಲೆ "ಅಡೆನೊಸಿನ್‌ಗೆ ಬಗ್ಗಲಿಲ್ಲ" ಅಂತ ಬರೆಯುವುದು! ಬಗ್ಗದಿದ್ದರೆ 12 ಮಿ.ಗ್ರಾಂ. ಕೊಡುವ ಮೊದಲು ರೋಗಿಗೆ ಹೇಳಿ: ಕೆಲವು ಸೆಕೆಂಡು ಜೀವ ಹೋದಂಗೆ ಅನ್ನಿಸುತ್ತದೆ, ಮತ್ತೆ ಸರಿಹೋಗುತ್ತದೆ. ಅಸ್ತಮಾ ಇರುವವರಿಗೆ ಬೇಡ. ಉಬ್ಬಸಕ್ಕೆ ಡೆರಿಫಿಲಿನ್ ತೆಗೆದುಕೊಳ್ಳುವವರಲ್ಲಿ ಇದು ಸರಿಯಾಗಿ ಕೆಲಸವನ್ನೂ ಮಾಡಲ್ಲ. ಡಿಫಿಬ್ರಿಲೇಟರ್ ಪಕ್ಕದಲ್ಲೇ ಇರಲಿ.

ಇನ್ನು 150ರ ವಿಷಯ. ವೇಗ 150ರ ಸುತ್ತಲೇ ಅಂಟಿಕೊಂಡಿದೆ, ಜ್ವರ ಇಳಿದರೂ ಸಲೈನ್ ಹೋದರೂ ಕದಲುತ್ತಿಲ್ಲ. ಹಾಗಿದ್ದರೆ ಏಟ್ರಿಯಲ್ ಫ್ಲಟರ್ ಅಂತ ಹಿಡಿದುಕೊಂಡು, ಅಲ್ಲ ಅಂತ ಸಾಬೀತಾಗುವವರೆಗೆ ಬಿಡಬೇಡಿ. ಮೇಲಿನ ಕೋಣೆ ನಿಮಿಷಕ್ಕೆ 300 ಸಲ ಮಿಡಿಯುತ್ತದೆ, ಎರಡಕ್ಕೆ ಒಂದು ಮಾತ್ರ ಕೆಳಗಿಳಿಯುತ್ತದೆ. ಆದ್ದರಿಂದ 150. ಲೀಡ್ 2, 3, ಎವಿಎಫ್‌ನಲ್ಲಿ ಗರಗಸದ ಹಲ್ಲು ಹುಡುಕಿ. ಒಂದು ಹಲ್ಲು ಟಿ ಅಲೆಯೊಳಗೆ, ಇನ್ನೊಂದು ಕ್ಯೂಆರ್‌ಎಸ್ ಅಂಚಿನಲ್ಲಿ ಅಡಗಿರುವುದರಿಂದ ಮೊದಲ ನೋಟಕ್ಕೆ ಸಿಗಲ್ಲ. ಪಟ್ಟಿಯನ್ನು ತಲೆಕೆಳಗು ಹಿಡಿದು ನೋಡಿ, ಬಹಳ ಸಲ ಅದರಲ್ಲೇ ಎದ್ದು ಕಾಣುತ್ತದೆ. ಎರಡು ಕ್ಯೂಆರ್‌ಎಸ್‌ಗಳ ಸರಿ ಮಧ್ಯದಲ್ಲಿ ಒಂದು ಪಿ ಕಂಡರೆ, ಇನ್ನೊಂದು ಕ್ಯೂಆರ್‌ಎಸ್ ಒಳಗೆ ಅವಿತಿದೆ ಅಂತ ತಿಳಿಯಿರಿ. ಅಡೆನೊಸಿನ್ ಫ್ಲಟರನ್ನು ನಿಲ್ಲಿಸುವುದಿಲ್ಲ. ಕೆಲವು ಸೆಕೆಂಡು ಕ್ಯೂಆರ್‌ಎಸ್‌ಗಳನ್ನು ತಡೆದು ಹಲ್ಲುಗಳನ್ನು ಬಯಲು ಮಾಡುತ್ತದೆ. ಆ ಕ್ಷಣದಲ್ಲಿ ಪಟ್ಟಿ ಓಡುತ್ತಿಲ್ಲದಿದ್ದರೆ ಇಂಜೆಕ್ಷನ್ ಕೊಟ್ಟೂ ಉಪಯೋಗವಿಲ್ಲ.

ಕಿರಿದು, ಏರುಪೇರು

ಅಂತರ ಒಂದಕ್ಕೊಂದು ತಾಳೆಯೇ ಇಲ್ಲ, ಪಿ ಇಲ್ಲ, ತಳದ ಗೆರೆ ಸಣ್ಣಗೆ ನಡುಗುತ್ತಿದೆ ಅಂದರೆ ಏಟ್ರಿಯಲ್ ಫಿಬ್ರಿಲೇಷನ್, ನಮ್ಮ ಬಾಯಲ್ಲಿ ಎಎಫ್. ಬೆರಳಿಟ್ಟರೆ ನಾಡಿಯಲ್ಲೇ ಗೊತ್ತಾಗುತ್ತದೆ. 30-40ರ ಹೆಣ್ಣುಮಗಳಲ್ಲಿ ಎಎಫ್ ಕಂಡರೆ ಸ್ಟೆತಾಸ್ಕೋಪ್ ಹಿಡಿದು ಮೈಟ್ರಲ್ ಸ್ಟೆನೋಸಿಸ್ ಸದ್ದು ಕೇಳಿ. ಚಿಕ್ಕಂದಿನ ರುಮಾಟಿಕ್ ಜ್ವರದ ಬಾಕಿ ಅದು. ಥೈರಾಯ್ಡ್ ಪರೀಕ್ಷೆಯನ್ನೂ ಮರೆಯಬೇಡಿ. ಶುರುವಾಗಿ 48 ತಾಸು ದಾಟಿದ್ದರೆ, ಅಥವಾ ಯಾವಾಗ ಶುರುವಾಯಿತೋ ಗೊತ್ತಿಲ್ಲದಿದ್ದರೆ, ರೋಗಿ ಸ್ಥಿರವಾಗಿರುವಾಗ ಲಯ ತಿರುಗಿಸುವ ಸಾಹಸ ಬೇಡ. ಒಳಗಿನ ಹೆಪ್ಪು ಹಾರಿ ಪಾರ್ಶ್ವವಾಯು ಆಗಬಹುದು. ವೇಗ ಇಳಿಸಿ ಸಾಕು.

ಬೀಡಿ ಸೇದಿ ಶ್ವಾಸಕೋಶ ಹಾಳಾದ ಮುದುಕರಲ್ಲಿ ಏರುಪೇರು ಇದ್ದೂ ಪಿ ಕಂಡರೆ, ಅದೂ ಮೂರು ಬೇರೆ ಬೇರೆ ಆಕಾರದಲ್ಲಿದ್ದರೆ, ಅದು ಮಲ್ಟಿಫೋಕಲ್ ಏಟ್ರಿಯಲ್ ಟ್ಯಾಕಿಕಾರ್ಡಿಯಾ. ಆಕ್ಸಿಜನ್ ಮತ್ತು ಶ್ವಾಸಕೋಶದ ಕಡೆ ಗಮನ ಕೊಡಿ, ಶಾಕ್ ಅಲ್ಲ.

ಅಗಲ, ಸಮ: ವಿಟಿ ಅಂತಲೇ ತಿಳಿಯಿರಿ

ಅಗಲವಾದ, ಸಮವಾದ, ವೇಗದ ಲಯ ವಿಟಿ. ಹಾಗಲ್ಲ ಅಂತ ಗಟ್ಟಿ ಆಧಾರ ಸಿಗುವವರೆಗೆ ವಿಟಿಯೇ. "ಬಿಪಿ ಚೆನ್ನಾಗಿದೆ, ಮಾತಾಡುತ್ತಿದ್ದಾರೆ, ಹಾಗಾಗಿ ವಿಟಿ ಇರಲಿಕ್ಕಿಲ್ಲ" ಅನ್ನುವ ಮಾತನ್ನು ಮರೆತುಬಿಡಿ. ವಿಟಿ ಇಟ್ಟುಕೊಂಡು ಬಸ್ ಹತ್ತಿ ಬಂದು, ಒಪಿಡಿ ಸಾಲಿನಲ್ಲಿ ನಿಲ್ಲುವವರಿದ್ದಾರೆ. ಮೊದಲು ಹಾರ್ಟ್ ಅಟ್ಯಾಕ್ ಆಗಿತ್ತಾ ಅಂತ ಕೇಳಿ. "ಹೌದ್ರಿ, ಹೋದ ವರ್ಷ ಸ್ಟೆಂಟ್ ಹಾಕ್ಯಾರ" ಅಂದರೆ ಉತ್ತರ ಹೆಚ್ಚುಕಡಿಮೆ ಸಿಕ್ಕ ಹಾಗೆಯೇ.

ಕಾಗದದಲ್ಲಿ ನೋಡಬೇಕಾದದ್ದು ಇಷ್ಟು. ಪಿ ಅಲೆಗಳು ಕ್ಯೂಆರ್‌ಎಸ್‌ಗೆ ಸಂಬಂಧವಿಲ್ಲದೆ ತಮ್ಮ ವೇಗದಲ್ಲಿ ಸಾಗುತ್ತಿವೆಯಾ? ಅಗಲ ಅಲೆಗಳ ನಡುವೆ ಒಂದೇ ಒಂದು ಕಿರಿದಾದ, ಸಹಜ ಕ್ಯೂಆರ್‌ಎಸ್ ನುಸುಳಿದೆಯಾ? ಅಥವಾ ಎರಡರ ಬೆರಕೆಯಂಥದ್ದು? ಇವುಗಳಲ್ಲಿ ಒಂದು ಖಚಿತವಾಗಿ ಸಿಕ್ಕರೂ ವಿಟಿ ಪಕ್ಕಾ. ಎವಿಆರ್‌ನಲ್ಲಿ ಕ್ಯೂಆರ್‌ಎಸ್ ಶುರುವಿನಲ್ಲೇ ಎತ್ತರದ ಆರ್ ಇದ್ದರೆ ವಿಟಿ. ವೆರೆಕೆಯ್ ತಂಡ 2008ರಲ್ಲಿ ಹೇಳಿದ್ದು ಇದು. ವಿ1ರಿಂದ ವಿ6ರವರೆಗೆ ಎಲ್ಲವೂ ಮೇಲ್ಮುಖ ಅಥವಾ ಎಲ್ಲವೂ ಕೆಳಮುಖ ಇದ್ದರೂ ವಿಟಿಯ ಕಡೆಗೇ ವಾಲಬೇಕು. 1991ರ ಬ್ರುಗಾಡ ಕ್ರಮದಲ್ಲಿ ನಾಲ್ಕು ಮೆಟ್ಟಿಲಿವೆ. ಪರೀಕ್ಷೆಗೆ ಓದುವವರು ಓದಿಕೊಳ್ಳಲಿ. ಕ್ಯಾಶುವಲ್ಟಿಯಲ್ಲಿ ನನಗೆ ಹಿಡಿಸಿದ್ದು 2010ರಲ್ಲಿ ಪಾವಾ ತಂಡ ಹೇಳಿದ ಸುಲಭ ಅಳತೆ. ಲೀಡ್ 2ರಲ್ಲಿ ಕ್ಯೂಆರ್‌ಎಸ್ ಶುರುವಾದಲ್ಲಿಂದ ಅದರ ಮೊದಲ ತುದಿಯವರೆಗೆ ಅಳೆಯಿರಿ, ಅದು ಮೇಲಿರಲಿ, ಕೆಳಗಿರಲಿ. 50 ಮಿಲಿಸೆಕೆಂಡು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ವಿಟಿ. ಒಂದು ಸಣ್ಣ ಚೌಕಕ್ಕಿಂತ ತುಸು ಹೆಚ್ಚು ಅಷ್ಟೇ. ಇವು ಯಾವುವೂ ನೂರಕ್ಕೆ ನೂರು ಅಲ್ಲ. ಒಂದೂ ಹೊಂದದಿದ್ದರೂ ಅನುಮಾನದ ಲಾಭ ವಿಟಿಗೇ ಹೋಗಲಿ.

ಕುತ್ತಿಗೆಯನ್ನೂ ನೋಡಿ. ಜುಗುಲರ್ ನರದಲ್ಲಿ ಆಗಾಗ, ಲೆಕ್ಕವಿಲ್ಲದೆ, ದೊಡ್ಡ ಅಲೆ ಉಕ್ಕುತ್ತಿದ್ದರೆ ಮೇಲಿನ ಕೋಣೆ ಮತ್ತು ಕೆಳಗಿನ ಕೋಣೆಗೆ ಹೊಂದಾಣಿಕೆ ತಪ್ಪಿದೆ ಅಂತ ಅರ್ಥ. ಇದಕ್ಕೆ ಯಂತ್ರವೂ ಬೇಡ.

ಈ ಲಯಕ್ಕೆ ವೆರಪಮಿಲ್ ಮುಟ್ಟಬೇಡಿ. ವಿಟಿಗೆ ವೆರಪಮಿಲ್ ಕೊಟ್ಟರೆ ಬಿಪಿ ನೆಲ ಕಚ್ಚುತ್ತದೆ. ಅದಕ್ಕೆ ಬಗ್ಗುವ ಒಂದು ಬಗೆಯ ವಿಟಿ ಎಳೆಯ ವಯಸ್ಸಿನವರಲ್ಲಿ ಇದೆ, ನಿಜ. ಆದರೆ ಆ ತೀರ್ಮಾನ ಹೃದ್ರೋಗ ತಜ್ಞರದು. ರೋಗಿ ಸ್ಥಿರವಾಗಿದ್ದರೆ ಅಮಿಯೋಡರೋನ್ 150 ಮಿ.ಗ್ರಾಂ. ಹತ್ತು ನಿಮಿಷದಲ್ಲಿ, ಕುಸಿಯುತ್ತಿದ್ದರೆ ಸಿಂಕ್ ಶಾಕ್.

ಒಂದು ಅಪವಾದ ನೆನಪಿರಲಿ. ಕ್ಯೂಆರ್‌ಎಸ್ ವಿಪರೀತ ಅಗಲ, ಪಿ ಇಲ್ಲ, ಆದರೆ ವೇಗ 120ರೊಳಗೇ ಇದೆ. ಅಲ್ಲಿ ಪೊಟ್ಯಾಸಿಯಂ ನೆನಪಾಗಬೇಕು. ಕೈ ತಿರುಗಿಸಿ ಡಯಾಲಿಸಿಸ್ ಫಿಸ್ಟುಲಾ ಇದೆಯಾ ನೋಡಿ, ಕಳೆದ ಡಯಾಲಿಸಿಸ್ ತಪ್ಪಿತ್ತಾ ಕೇಳಿ. ಲ್ಯಾಬ್ ರಿಪೋರ್ಟ್‌ಗೆ ಕಾಯದೆ ಕ್ಯಾಲ್ಸಿಯಂ ಗ್ಲುಕೋನೇಟ್ ಕೊಡಿ.

ಅಗಲ, ಏರುಪೇರು

ಇಲ್ಲಿ ಆಕಾರ ನೋಡಬೇಕು. ಅಂತರ ಏರುಪೇರು, ಆದರೆ ಎಲ್ಲ ಕ್ಯೂಆರ್‌ಎಸ್‌ಗಳೂ ಒಂದೇ ಅಚ್ಚು ಅಂದರೆ ಬಹುಶಃ ಬಂಡಲ್ ಬ್ಲಾಕ್ (ಕೆಳಗಿನ ಕೋಣೆಯ ಕರೆಂಟ್ ದಾರಿ ಕಟ್ಟಿರುವುದು) ಇರುವವರ ಎಎಫ್.

ಒಂದೊಂದೂ ಒಂದೊಂದು ಅಗಲ, ಅಲ್ಲಲ್ಲಿ ಅಂತರ ಒಂದು ದೊಡ್ಡ ಚೌಕದಷ್ಟು ಮಾತ್ರ, ವೇಗ 200ರ ಮೇಲೆ, ವಯಸ್ಸು ಚಿಕ್ಕದು. ಇದು ಡಬ್ಲ್ಯುಪಿಡಬ್ಲ್ಯು (ಹುಟ್ಟಿನಿಂದ ಹೆಚ್ಚುವರಿ ತಂತು ಇರುವ ಸ್ಥಿತಿ) ಇರುವವರಿಗೆ ಬಂದ ಎಎಫ್. ಎವಿ ನೋಡ್ ತಡೆಯುವ ಯಾವ ಔಷಧವೂ ಬೇಡ: ಅಡೆನೊಸಿನ್, ವೆರಪಮಿಲ್, ಡಿಲ್ಟಿಯಾಜೆಮ್, ಬೀಟಾ ಬ್ಲಾಕರ್, ಡಿಗಾಕ್ಸಿನ್ ಬೇಡ. ನರಕ್ಕೆ ಅಮಿಯೋಡರೋನ್ ಕೂಡ ಬೇಡ. ನೋಡ್ ಮುಚ್ಚಿದರೆ ಕರೆಂಟ್ ಎಲ್ಲವೂ ಹೆಚ್ಚುವರಿ ತಂತಿನಲ್ಲೇ ನುಗ್ಗಿ ವೆಂಟ್ರಿಕ್ಯುಲರ್ ಫಿಬ್ರಿಲೇಷನ್ ಆಗಬಹುದು. ಪ್ರೊಕೇನಮೈಡ್ ನಮ್ಮ ತಾಲ್ಲೂಕುಗಳ ಕಪಾಟಿನಲ್ಲಿ ಸಿಗುವ ಮಾತಲ್ಲ. ಆದ್ದರಿಂದ ಸಿಂಕ್ ಶಾಕೇ ದಾರಿ.

ಕ್ಯೂಆರ್‌ಎಸ್ ತುದಿಗಳು ಸ್ವಲ್ಪ ಹೊತ್ತು ಮೇಲೆ, ಆಮೇಲೆ ಕೆಳಗೆ, ಮತ್ತೆ ಮೇಲೆ ತಿರುಗುತ್ತಿದ್ದರೆ ಟೊರ್ಸಾಡ್ ಅನ್ನುವ ಬಗೆಯ ವಿಟಿ. ಹಿಂದಿನ ಇಸಿಜಿಯಲ್ಲಿ ಕ್ಯೂಟಿ (ಕ್ಯೂಆರ್‌ಎಸ್ ಶುರುವಿನಿಂದ ಟಿ ಅಲೆ ಮುಗಿಯುವವರೆಗಿನ ಅಂತರ) ಉದ್ದ ಇರುತ್ತದೆ. ವಾಂತಿಭೇದಿಯಿಂದ ಪೊಟ್ಯಾಸಿಯಂ ಇಳಿದವರಲ್ಲಿ, ಕೀಟನಾಶಕ ಕುಡಿದವರಲ್ಲಿ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಮ್ಯಾಗ್ನೀಸಿಯಂ ಸಲ್ಫೇಟ್ 2 ಗ್ರಾಂ ನರಕ್ಕೆ ಕೊಡಿ. ಅಮಿಯೋಡರೋನ್ ಕ್ಯೂಟಿಯನ್ನು ಇನ್ನೂ ಉದ್ದ ಮಾಡುತ್ತದೆ, ಕೊಡಬೇಡಿ. ಪ್ರಜ್ಞೆ ತಪ್ಪಿದರೆ ಸಿಂಕ್ ಇಲ್ಲದ ಶಾಕ್.

ಲಯ ತಿರುಗಿದ ಮೇಲೆ

ಎದೆ ತಣ್ಣಗಾಯಿತು, ರೋಗಿ ಚಹಾ ಕೇಳುತ್ತಿದ್ದಾರೆ ಅಂತ ಯಂತ್ರ ಬಿಚ್ಚಬೇಡಿ. ಮತ್ತೊಂದು 12 ಲೀಡ್ ತೆಗೆಯಿರಿ. ಪಿಆರ್ (ಪಿ ಶುರುವಿನಿಂದ ಕ್ಯೂಆರ್‌ಎಸ್ ಶುರುವಿನವರೆಗಿನ ಅಂತರ) ಗಿಡ್ಡವಾಗಿದ್ದು ಕ್ಯೂಆರ್‌ಎಸ್ ಬುಡದಲ್ಲಿ ಓರೆಯಾದ ಡೆಲ್ಟಾ ಅಲೆ ಇದ್ದರೆ ಡಬ್ಲ್ಯುಪಿಡಬ್ಲ್ಯು. ಹಳೇ ಅಟ್ಯಾಕಿನ ಕ್ಯೂ ಅಲೆ ಇದೆಯಾ, ಕ್ಯೂಟಿ ಉದ್ದ ಇದೆಯಾ ನೋಡಿ. ಓಟದ ಪಟ್ಟಿ ಮತ್ತು ಈ ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟರೆ ಆಗ ಸಿಗದ ಪಿ ಅಲೆ ಈಗ ಸಿಗುತ್ತದೆ. ವಿ1ರಲ್ಲಿದ್ದ ಆ ಸಣ್ಣ ಆರ್ ಈಗ ಮಾಯವಾಗಿದ್ದರೆ ಅದು ಎವಿಎನ್‌ಆರ್‌ಟಿಯ ಪಿ ಆಗಿತ್ತು ಅಂತಲೇ.

ಸುರಪುರದಿಂದಲೋ ಔರಾದ್‌ನಿಂದಲೋ ಕಲಬುರಗಿಯ ಜಯದೇವ ಹೃದ್ರೋಗ ಆಸ್ಪತ್ರೆಗೆ ಕಳಿಸಿದರೆ ರೋಗಿ ಅಲ್ಲಿ ಮುಟ್ಟುವುದು ಸಹಜ ಲಯದಲ್ಲಿ. ಅಲ್ಲಿನವರು ಅಬ್ಲೇಷನ್ (ಕರೆಂಟಿನ ತಪ್ಪು ದಾರಿಯನ್ನು ಸುಟ್ಟು ಮುಚ್ಚುವುದು) ಬೇಕೋ ಬೇಡವೋ ಅಂತ ಯೋಚಿಸುವುದು ನೀವು ಕಳಿಸಿದ ಕಾಗದದ ಮೇಲೆಯೇ. ಥರ್ಮಲ್ ಕಾಗದ ಬಿಸಿಲಿಗೆ ಕಪ್ಪಾಗುತ್ತದೆ, ಸೆಲ್ಲೋಟೇಪ್ ಹಚ್ಚಿದಲ್ಲಿ ಗೆರೆ ಮಾಸುತ್ತದೆ, ಪ್ಲಾಸ್ಟಿಕ್ ಕವರಿನಲ್ಲೂ ಬಹಳ ದಿನ ಉಳಿಯಲ್ಲ. ಮೊಬೈಲಿನಲ್ಲಿ ನೆರಳು ಬೀಳದ ಹಾಗೆ ಫೋಟೋ ತೆಗೆದುಕೊಳ್ಳಿ, ಬೆಳಿಗ್ಗೆ ಒಂದು ಜೆರಾಕ್ಸ್ ಮಾಡಿಸಿ ಕೇಸ್ ಶೀಟಿಗೆ ಪಿನ್ ಹಾಕಿ. ಪ್ರತಿ ಪಟ್ಟಿಯ ಮೇಲೆ ಪೆನ್ನಿನಿಂದ ಹೆಸರು, ದಿನಾಂಕ, ಸಮಯ, ಆಗಿನ ಬಿಪಿ ಬರೆಯಿರಿ. ಯಾವ ಔಷಧ, ಎಷ್ಟು, ಎಷ್ಟು ಗಂಟೆಗೆ ಕೊಟ್ಟಿರಿ, ಲಯ ತಿರುಗಿದ್ದು ಊದಿದಾಗಲೋ, ಅಡೆನೊಸಿನ್‌ಗೋ, ಶಾಕಿಗೋ ಅಂತಲೂ ಬರೆಯಿರಿ. ಲಯ ತಿರುಗುವ ಕ್ಷಣದ ಪಟ್ಟಿ ಇದ್ದರೆ ಅದನ್ನು ಎಲ್ಲಕ್ಕಿಂತ ಮೇಲೆ ಇಡಿ.